ಸ್ಕಾಲರ್‌ಶಿಪ್ಪೋ ಸ್ಟೈಪೆಂಡೋ: ಸಹಿ ಹಾಕುವ ಮುನ್ನ ತಿಳಿದಿರಬೇಕಾದದ್ದು

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು, ವ್ಯವಸಾಯದ ಮನೆ. ಮಗಳು ಈ ವರ್ಷ ಮೆಕ್ಯಾನಿಕಲ್ ಬಿ.ಇ. ಮುಗಿಸಿದಳು. ಓದುವಾಗ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿ ವರ್ಷವೂ ಸ್ಕಾಲರ್‌ಶಿಪ್ ಪಡೆಯುತ್ತಿದ್ದಳು. ಕೊನೆಯ ವರ್ಷದ್ದು ಇನ್ನೂ ಬಂದಿಲ್ಲ. ಗೇಟ್ ಪರೀಕ್ಷೆ ಪಾಸಾಗಿದ್ದರಿಂದ ಈಗ ಎಂ.ಟೆಕ್. ಸೀಟು ಸಿಗುತ್ತಿದೆ, ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಬರುತ್ತದಂತೆ. ಇನ್ನೊಂದು ಕಡೆ ಬೆಂಗಳೂರಿನ ಕಾರ್ಖಾನೆಯೊಂದು ಒಂದು ವರ್ಷದ ಅಪ್ರೆಂಟಿಸ್‌ಗೆ ಕರೆದಿದೆ, ಸ್ಟೈಪೆಂಡ್ 12,500. ಎರಡೂ ತಿಂಗಳು ತಿಂಗಳು ಬರುವ ಹಣ, ಮೊತ್ತವೂ ಹೆಚ್ಚೂಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಏನು? ಯಾವುದಕ್ಕೆ ಟ್ಯಾಕ್ಸ್ ಬೀಳುತ್ತದೆ? ಸ್ಟೈಪೆಂಡ್ ತೆಗೆದುಕೊಂಡರೆ ಹಳೆಯ ಸ್ಕಾಲರ್‌ಶಿಪ್ ವಾಪಸ್ ಕಟ್ಟಬೇಕಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ನಿಜವೇ?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಉತ್ತರ. ಬಿ.ಇ. ಓದುವಾಗ ನಿಯಮದಂತೆ ಬಂದ ವಿದ್ಯಾರ್ಥಿವೇತನವನ್ನು, ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್‌ಗೆ ಸೇರಿದ ಕಾರಣಕ್ಕೆ ಯಾರೂ ವಾಪಸ್ ಕೇಳುವುದಿಲ್ಲ. ಅದು ಆ ವರ್ಷಗಳ ಓದಿಗೆ ಕೊಟ್ಟ ಹಣ, ಆ ಓದು ಮುಗಿದಿದೆ. ಊರಲ್ಲಿ ಹೇಳುತ್ತಿರುವುದು ಪೂರಾ ಸುಳ್ಳಲ್ಲ, ಆದರೆ ಅದು ಅನ್ವಯಿಸುವುದು ಒಂದೇ ಅವಧಿಗೆ ಎರಡು ಕಡೆಯಿಂದ ಹಣ ಪಡೆದವರಿಗೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಮುಖ್ಯ ಪ್ರಶ್ನೆ. ಹಣ ತಿಂಗಳಿಗೊಮ್ಮೆ ಬರುತ್ತದೋ ವರ್ಷಕ್ಕೊಮ್ಮೆ ಬರುತ್ತದೋ ಎಂಬುದನ್ನು ನೋಡಿ ಇದು ಸ್ಕಾಲರ್‌ಶಿಪ್, ಇದು ಸ್ಟೈಪೆಂಡ್ ಎಂದು ತೀರ್ಮಾನಿಸಲು ಹೋಗಬೇಡಿ. ಮೊತ್ತವೂ ಏನನ್ನೂ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಹಣಕ್ಕೆ ಪ್ರತಿಯಾಗಿ ನನ್ನ ಮಗಳಿಂದ ಏನನ್ನು ನಿರೀಕ್ಷಿಸುತ್ತಿದ್ದಾರೆ? ಓದಿದರೆ ಸಾಕು, ಹಾಜರಾತಿ ಇರಲಿ, ಪಾಸಾಗಲಿ ಎಂದಷ್ಟೇ ಇದ್ದರೆ ಅದು ವಿದ್ಯಾರ್ಥಿವೇತನ. ದಿನಕ್ಕಿಷ್ಟು ಹೊತ್ತು ಬಂದು ಕೆಲಸ ಕಲಿಯಬೇಕು, ಕಲಿಯುತ್ತಲೇ ಮಾಡಬೇಕು, ಆ ಹೊತ್ತಿನಲ್ಲಿ ಬೇರೆ ದುಡಿಮೆ ಸಾಧ್ಯವಿಲ್ಲವಾದ್ದರಿಂದ ಖರ್ಚಿಗೆ ಇಷ್ಟು ಕೊಡುತ್ತೇವೆ ಎಂದಿದ್ದರೆ ಅದು ಶಿಷ್ಯವೇತನ, ಅಂದರೆ ಸ್ಟೈಪೆಂಡ್. ಟ್ಯಾಕ್ಸ್, ರಜೆ, ಎರಡೂ ಒಟ್ಟಿಗೆ ಪಡೆಯಬಹುದೇ ಎಂಬ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಇಲ್ಲಿಂದಲೇ ಹೊರಡುತ್ತದೆ.

ವಿದ್ಯಾರ್ಥಿವೇತನ ಕೊಡುವವರು ಅರ್ಜಿದಾರರು ಯಾರು ಎಂದು ನೋಡುತ್ತಾರೆ. ಅಂಕ ಎಷ್ಟು, ಮನೆಯ ಆದಾಯ ಎಷ್ಟು, ಯಾವ ವರ್ಗ, ಯಾವ ಕೋರ್ಸ್. ಎಸ್‌ಎಸ್‌ಪಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುವುದು ಇದಕ್ಕೇ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಹಾಗಿದ್ದವರಿಗೆ ಕಡ್ಡಾಯ ಶುಲ್ಕದ ಜೊತೆಗೆ ಕೋರ್ಸನ್ನು ನೋಡಿಕೊಂಡು ವರ್ಷಕ್ಕೆ 2,500ರಿಂದ 13,500 ರೂಪಾಯಿವರೆಗೆ ಶೈಕ್ಷಣಿಕ ಭತ್ಯೆ ಕೊಡುತ್ತಾರೆ. ಎಂಜಿನಿಯರಿಂಗ್ ಹುಡುಗಿ ಹಾಸ್ಟೆಲಿನಲ್ಲಿದ್ದರೆ 13,500, ಮನೆಯಿಂದ ಓಡಾಡಿದರೆ 7,000. ಇದಕ್ಕೆ ಪ್ರತಿಯಾಗಿ ಯಾರೂ ಅವಳಿಂದ ಒಂದು ಗಂಟೆಯ ಕೆಲಸವನ್ನೂ ಕೇಳುವ ಹಾಗಿಲ್ಲ.

ಊಟ–ವಸತಿಗೆ ಕೊಟ್ಟರೆ ಅದು ಸ್ಟೈಪೆಂಡ್, ಫೀಸಿಗೆ ಕೊಟ್ಟರೆ ಸ್ಕಾಲರ್‌ಶಿಪ್ ಎಂದು ಕೆಲವರು ವಿಂಗಡಿಸುತ್ತಾರೆ. ನಮ್ಮ ರಾಜ್ಯದಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಯೋಜನೆಯನ್ನೇ ನೋಡಿ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದ ವಿದ್ಯಾರ್ಥಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುವುದು ಊಟಕ್ಕೆ, ವಸತಿಗೇ. ಆದರೂ ಅದು ವಿದ್ಯಾರ್ಥಿವೇತನದ ಸಾಲಿಗೇ ಸೇರಿದ್ದು, ಏಕೆಂದರೆ ಪಡೆಯುವವನ ಕೆಲಸ ಓದುವುದೊಂದೇ.

ಸ್ಟೈಪೆಂಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಗಳ ಮುಂದಿರುವ ಆಯ್ಕೆಯೂ ಅದೇ, ಜನರಿಗೆ ಕಡಿಮೆ ಗೊತ್ತಿರುವುದೂ ಅದೇ.

ಅಪ್ರೆಂಟಿಸ್ ತರಬೇತಿ ನಡೆಯುವುದು 1961ರ ಅಪ್ರೆಂಟಿಸಸ್ ಕಾಯ್ದೆಯ ಅಡಿಯಲ್ಲಿ. ಪದವೀಧರರಿಗೆ ಮತ್ತು ಡಿಪ್ಲೊಮಾದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್ ಇದೆ. ಐಟಿಐ ಮತ್ತಿತರ ಟ್ರೇಡಿನವರಿಗೆ ಹೆಚ್ಚಾಗಿ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ). 2019ರಲ್ಲಿ ತಿದ್ದಿದ ನಿಯಮದಂತೆ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000, ಐಟಿಐ ಮುಗಿಸಿದವರಿಗೆ 7,000, ಹತ್ತನೇ ತರಗತಿ ಪಾಸಾದವರಿಗೆ 6,000. ಈ ಮಟ್ಟವನ್ನು ಶೇ. 36ರಷ್ಟು ಏರಿಸಬೇಕೆಂದು ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿದೆ. ಹಾಗೆ ಏರಿದರೆ ಪದವೀಧರರ ಕನಿಷ್ಠ ಮೊತ್ತ 12,300ರ ಹತ್ತಿರ ಬರುತ್ತದೆ. ಇವು ಕನಿಷ್ಠ ಮಟ್ಟಗಳು, ಕಂಪನಿ ಹೆಚ್ಚು ಕೊಡಬಹುದು. ನಿಮ್ಮ ಮಗಳಿಗೆ 12,500 ಹೇಳಿರುವುದು ಹಾಗೆಯೇ. ಇದರಲ್ಲಿ ಒಂದು ಭಾಗವನ್ನು ಸರ್ಕಾರ ಭರಿಸುತ್ತದೆ: ನ್ಯಾಟ್ಸ್‌ನಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧದವರೆಗೆ, ನ್ಯಾಪ್ಸ್‌ನಲ್ಲಿ ಕಾಲು ಭಾಗ, ಅದೂ 1,500ರ ಮಿತಿಯಲ್ಲಿ.

ಕಾಯ್ದೆಯ 18ನೇ ಸೆಕ್ಷನ್ ಹೇಳುವುದನ್ನು ನಿಮ್ಮ ಮಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಕಾರ್ಮಿಕ ಕಾನೂನುಗಳು ಅವರಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಈ ಹಣದಿಂದ ಪಿಎಫ್ ಕಡಿತ ಇರುವುದಿಲ್ಲ, ಕಂಪನಿಯ ಪಾಲೂ ಇರುವುದಿಲ್ಲ. ಒಂದು ವರ್ಷ ಮುಗಿದ ಮೇಲೆ ಕೆಲಸ ಕೊಟ್ಟೇ ಕೊಡಬೇಕೆಂಬ ನಿರ್ಬಂಧವೂ ಕಂಪನಿಗೆ ಇಲ್ಲ. ಸೇರಿಸುವಾಗ ಬಾಯಿಮಾತಿನಲ್ಲಿ ‘ಮುಂದೆ ಪರ್ಮನೆಂಟ್ ಮಾಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ಆ ಮಾತು ಕರಾರಿನಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾರ್ಮಿಕರಲ್ಲ ಎಂದ ಮಾತ್ರಕ್ಕೆ ಹೇಗೆ ಬೇಕಾದರೂ ದುಡಿಸಿಕೊಳ್ಳಬಹುದು ಎಂದಲ್ಲ. ಇದೇ ಕಾಯ್ದೆ ಅಪ್ರೆಂಟಿಸ್‌ಗೆ ಕೊಟ್ಟಿರುವ ರಕ್ಷಣೆಯನ್ನು ಸೇರುವವರೂ ಓದುವುದಿಲ್ಲ, ಎಷ್ಟೋ ಕಡೆ ಎಚ್‌ಆರ್ ವಿಭಾಗದವರೂ ಓದಿರುವುದಿಲ್ಲ. ಇಷ್ಟು ಪೀಸ್ ಮಾಡಿದರೆ ಇಷ್ಟು ಹಣ ಎಂಬ ಲೆಕ್ಕದಲ್ಲಿ ಸ್ಟೈಪೆಂಡ್ ಕೊಡುವಂತಿಲ್ಲ. ಉತ್ಪಾದನೆಯ ಬೋನಸ್, ಇನ್ಸೆಂಟಿವ್ ಯೋಜನೆಗಳಿಗೆ ಅಪ್ರೆಂಟಿಸ್‌ಗಳನ್ನು ಎಳೆಯುವಂತಿಲ್ಲ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯಡಿ ನೇಮಕವಾದ ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದ ವೇಳೆ ಗಾಯವಾದರೆ ಕಾರ್ಮಿಕರಿಗೆ ಸಿಗುವ ರೀತಿಯಲ್ಲೇ ಪರಿಹಾರ ಕೊಡಬೇಕು. ನಿಯಮಗಳಲ್ಲಿ ಇನ್ನೆರಡು ಸಾಲು ಇವೆ: ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಸಿಗಬೇಕು, ಮತ್ತು ಸಾಂದರ್ಭಿಕ ರಜೆ ಅಥವಾ ವೈದ್ಯಕೀಯ ರಜೆ ಹಾಕಿದ್ದಕ್ಕೆ ಅದರಲ್ಲಿ ಕಡಿತ ಮಾಡುವಂತಿಲ್ಲ. ಜ್ವರ ಬಂದು ಮೂರು ದಿನ ಮಲಗಿದ ಹುಡುಗಿಗೆ ದಿನಗೂಲಿಯ ಹಾಗೆ ಹಣ ಮುರಿದುಕೊಂಡು ಕೊಟ್ಟರೆ ಅದು ನಿಯಮದ ಉಲ್ಲಂಘನೆ. ಹಳ್ಳಿಯಿಂದ ಬಂದ ಮಕ್ಕಳು ಇದನ್ನು ಕೇಳಲು ಹೆದರುತ್ತಾರೆ. ಹೆದರಬಾರದು, ಅದು ಕೇಳಿ ಪಡೆಯಬೇಕಾದ ಹಣ.

ಈ ರಕ್ಷಣೆ ಎಲ್ಲ ಸಿಗುವುದು ಕರಾರು ಪೋರ್ಟಲಿನಲ್ಲಿ ನೋಂದಣಿಯಾಗಿದ್ದರೆ ಮಾತ್ರ. ‘ಟ್ರೈನಿ’, ‘ಇಂಟರ್ನ್’ ಎಂದು ಹೆಸರು ಕೊಟ್ಟು ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಬರೆದುಕೊಟ್ಟರೆ ಅದು ಈ ಕಾಯ್ದೆಯ ಅಪ್ರೆಂಟಿಸ್‌ಶಿಪ್ ಅಲ್ಲ. ಕಾರ್ಖಾನೆಯವರಲ್ಲಿ ಕೇಳಬೇಕಾದ ಮೊದಲ ಮಾತು: ‘ಇದು ನ್ಯಾಟ್ಸ್‌ನಲ್ಲಿ ನೋಂದಣಿಯಾಗುತ್ತದೆಯೇ, ಕರಾರಿನ ಸಂಖ್ಯೆ ಯಾವಾಗ ಸಿಗುತ್ತದೆ?’

ಇನ್ನು ಹೆಸರನ್ನು ನಂಬಿದರೆ ಎಲ್ಲಿ ಎಡವುತ್ತೇವೆ ಎಂಬುದು. ನಿಮ್ಮ ಮಗಳಿಗೆ ಸಿಗುವ 12,400 ರೂಪಾಯಿ ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಸ್ನಾತಕೋತ್ತರ ಸ್ಕಾಲರ್‌ಶಿಪ್. ಸೇರುವ ಹೊತ್ತಿಗೆ ಚಾಲ್ತಿಯಲ್ಲಿರುವ ಗೇಟ್ ಸ್ಕೋರ್ ಇದ್ದವರಿಗೆ ಎಐಸಿಟಿಇ ಮಾನ್ಯತೆಯ ಸಂಸ್ಥೆಗಳಲ್ಲಿ 24 ತಿಂಗಳು ಕೊಡುವ ಹಣ. ಹೆಸರು ಸ್ಕಾಲರ್‌ಶಿಪ್ ಎಂದಿದ್ದರೂ ವಾರಕ್ಕೆ 8ರಿಂದ 10 ಗಂಟೆ ಕಾಲೇಜು ಹೇಳಿದ ಬೋಧನೆ–ಸಂಶೋಧನೆಯ ಕೆಲಸ ಮಾಡಬೇಕು. ಬಿ.ಇ. ಹುಡುಗರ ಲ್ಯಾಬ್ ನೋಡಿಕೊಳ್ಳುವುದು, ರೆಕಾರ್ಡ್ ತಿದ್ದುವುದು ಇತ್ಯಾದಿ. ಹಾಜರಾತಿಯನ್ನು ಕಾಲೇಜು ತಿಂಗಳು ತಿಂಗಳು ದೃಢೀಕರಿಸಿದ ಮೇಲೆಯೇ ಹಣ ಬರುತ್ತದೆ. ಸ್ವಭಾವದಲ್ಲಿ ಇದು ಎರಡರ ನಡುವೆ ನಿಂತಿದೆ. ಪಿಎಚ್.ಡಿ. ಮಾಡುವವರ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಹ ಹೀಗೆಯೇ. 2023ರ ಜನವರಿ 1ರಿಂದ ಅದು ತಿಂಗಳಿಗೆ 37,000, ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದ ಮೇಲೆ 42,000, ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಆಡುಮಾತಿನಲ್ಲಿ ಎಲ್ಲರೂ ‘ಸ್ಟೈಪೆಂಡ್ ಬಂತಾ?’ ಎಂದೇ ಕೇಳುತ್ತಾರೆ, ಕಾಗದದಲ್ಲಿ ಫೆಲೋಶಿಪ್ ಎಂದಿರುತ್ತದೆ. ಅಲ್ಲಿ ಮಾಡುವ ಕೆಲಸ ತನ್ನದೇ ಸಂಶೋಧನೆ.

ಶ್ರೀನಿವಾಸ ರಾಮಾನುಜನ್ ಅವರ ಉದಾಹರಣೆ ಇಲ್ಲಿ ಹೇಳಲೇಬೇಕು ಅನ್ನಿಸುತ್ತದೆ. ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದವರಿಗೆ 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಎರಡು ವರ್ಷಗಳ ಮಟ್ಟಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ಪಾಠ ಮಾಡಬೇಕಿಲ್ಲ, ಕಚೇರಿಗೆ ಬರಬೇಕಿಲ್ಲ, ಮೂರು ತಿಂಗಳಿಗೊಮ್ಮೆ ಮಾಡಿದ ಕೆಲಸದ ವರದಿ ಕೊಡಬೇಕು. ಹಣ ತಿಂಗಳು ತಿಂಗಳು ಬಂದರೂ ಕೇಳಿದ್ದು ಅವರ ಗಣಿತವನ್ನು ಮಾತ್ರ, ಅವರ ದಿನಗಳನ್ನಲ್ಲ. ಒಳ್ಳೆಯ ವಿದ್ಯಾರ್ಥಿವೇತನ ಹೀಗಿರಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಹೆಸರಿನಿಂದ ಮೋಸ ಹೋಗುವ ಮೂರನೆಯ ಬಗೆಯೂ ಇದೆ: ಸಾಲ. ಜೆ.ಎನ್. ಟಾಟಾ ದತ್ತಿ 1892ರಿಂದ ವಿದೇಶದಲ್ಲಿ ಓದುವವರಿಗೆ ಕೊಡುತ್ತಾ ಬಂದಿರುವುದು ಸಾಲದ ರೂಪದ ಸ್ಕಾಲರ್‌ಶಿಪ್. ದೊಡ್ಡ ಗೌರವದ ಆಯ್ಕೆ ಅದು, ಆದರೆ ತೀರಿಸಬೇಕಾದ ಹಣ. ನಮ್ಮ ರಾಜ್ಯದಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿರುವ ‘ಅರಿವು’ ಕೂಡ ಸಾಲವೇ. ಎಷ್ಟೋ ಪೋಷಕರು ಅದನ್ನು ಸ್ಕಾಲರ್‌ಶಿಪ್ ಎಂದುಕೊಂಡು ಕೋರ್ಸ್ ಮುಗಿದ ಮೇಲೆ ನೋಟಿಸ್ ಬಂದಾಗ ಗಾಬರಿಯಾಗುತ್ತಾರೆ. ಅರ್ಜಿಯಲ್ಲಿ ಜಾಮೀನುದಾರರ ಸಹಿ, ಮರುಪಾವತಿಯ ಕಂತು, ಬಾಂಡ್ ಪೇಪರ್ ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲೇ ನಿಂತು ಓದಿ.

ಈಗ ಊರಿನವರು ಹೇಳಿದ ವಿಷಯ. ಒಂದೇ ಅವಧಿಯಲ್ಲಿ ಎರಡನ್ನೂ ಪಡೆಯಬಹುದೇ? ಬಹುಪಾಲು ಸರ್ಕಾರಿ ಯೋಜನೆಗಳಲ್ಲಿ ಇಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವವರು ಅದೇ ಹೊತ್ತಿಗೆ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಸ್ಟೈಪೆಂಡನ್ನಾಗಲಿ ಪಡೆಯುವಂತಿಲ್ಲ. ಎರಡು ಸಿಕ್ಕಿದರೆ ಲಾಭದಾಯಕವಾದ ಒಂದನ್ನು ಆರಿಸಿಕೊಂಡು ಸಂಸ್ಥೆಯ ಮುಖ್ಯಸ್ಥರಿಗೆ ತಿಳಿಸಬೇಕು. ಎಐಸಿಟಿಇಯ ನಿಯಮವೂ ಹಾಗೆಯೇ: 12,400 ಪಡೆಯುವವರಿಗೆ ಬೇರೆ ಕಡೆಯ ಸಂಬಳ, ಸ್ಟೈಪೆಂಡ್, ಸ್ಕಾಲರ್‌ಶಿಪ್ ಬೇಡ. ಹಣವೆಲ್ಲ ಆಧಾರ್ ಮೂಲಕ ಒಂದೇ ವ್ಯಕ್ತಿಯ ಖಾತೆಗೆ ಜಮೆಯಾಗುವ ಈ ಕಾಲದಲ್ಲಿ ಎರಡು ಕಡೆ ಪಡೆದದ್ದು ಇವತ್ತಲ್ಲ ನಾಳೆ ಕಂಡೇ ಕಾಣುತ್ತದೆ, ಆಗ ವಸೂಲಿಗೆ ಬರುತ್ತಾರೆ. ಊರಲ್ಲಿ ಯಾರೋ ವಾಪಸ್ ಕಟ್ಟಿದ್ದು ಇಂಥ ಪ್ರಕರಣದಲ್ಲೇ ಇರಬೇಕು. ಅರಿಯದೆ ಎರಡು ಜಮೆಯಾಗಿದ್ದರೆ ಸುಮ್ಮನಿರಬೇಡಿ. ಕಾಲೇಜಿನ ಮೂಲಕ ಬರೆದುಕೊಟ್ಟು, ಹೆಚ್ಚಿನದನ್ನು ಹಿಂತಿರುಗಿಸಿ, ಚಲನ್ ಇಟ್ಟುಕೊಳ್ಳಿ. ತಾನಾಗಿಯೇ ಬಂದು ಹೇಳಿದವರನ್ನು ಕಚೇರಿಯವರು ತಪ್ಪಿತಸ್ಥರ ಹಾಗೆ ನೋಡುವುದಿಲ್ಲ.

ಇದರಿಂದ ಒಂದು ಲೆಕ್ಕ ಹುಟ್ಟುತ್ತದೆ. ಎಂ.ಟೆಕ್.ಗೆ ಸೇರಿದರೆ ನಿಮ್ಮ ಮಗಳು ನಿಮ್ಮ ವರ್ಗ ಮತ್ತು ಆದಾಯದ ಮೇಲೆ ಮತ್ತೆ ಎಸ್‌ಎಸ್‌ಪಿಯಲ್ಲಿ ಅರ್ಹಳಾಗಬಹುದು. ಎಐಸಿಟಿಇ ಹಣ ಎರಡು ವರ್ಷಕ್ಕೆ ಒಟ್ಟು 2,97,600 ರೂಪಾಯಿ. ಇಲಾಖೆಯಿಂದ ಶುಲ್ಕ ಮರುಪಾವತಿ ಮತ್ತು ಭತ್ಯೆ ಸೇರಿ ಎರಡು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೇಳಿ, ಅಕ್ಕಪಕ್ಕ ಬರೆದು ನೋಡಿ. ಶುಲ್ಕ ಕಡಿಮೆ ಇರುವ ಸರ್ಕಾರಿ ಕಾಲೇಜಾದರೆ ಎಐಸಿಟಿಇಯದೇ ಮೇಲು. ಶುಲ್ಕ ಲಕ್ಷ ದಾಟುವ ಖಾಸಗಿ ಕಾಲೇಜಾದರೆ ಲೆಕ್ಕ ತಿರುಗಬಹುದು.

ತೆರಿಗೆಯ ವಿಷಯಕ್ಕೆ ಬರೋಣ. 1961ರ ಆದಾಯ ತೆರಿಗೆ ಕಾಯ್ದೆಯ 10(16)ನೇ ಸೆಕ್ಷನ್ ಪ್ರಕಾರ ಶಿಕ್ಷಣದ ವೆಚ್ಚಕ್ಕೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಇಷ್ಟು ಮೊತ್ತದವರೆಗೆ ಮಾತ್ರ ಎಂಬ ಮಿತಿಯನ್ನೂ ಅದು ಹಾಕಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿರುವುದರಿಂದ ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ, ಹಳೆಯ ಸಂಖ್ಯೆ ಹುಡುಕಿ ಗೊಂದಲಪಡಬೇಡಿ. ಕೆಲಸಕ್ಕೆ ಪ್ರತಿಯಾಗಿ ಬರುವ ಸ್ಟೈಪೆಂಡ್ ಮಾತ್ರ ಆದಾಯದ ಲೆಕ್ಕಕ್ಕೆ ಬರುತ್ತದೆ. ಆದರೂ ನಿಮ್ಮ ಮಗಳ ವಿಷಯದಲ್ಲಿ ಚಿಂತೆ ಬೇಡ: 12,500ರಂತೆ ವರ್ಷಕ್ಕೆ 1,50,000. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 4 ಲಕ್ಷದವರೆಗೆ ತೆರಿಗೆಯೇ ಇಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಕೆಲವು ಕಂಪನಿಗಳು ಇಂಟರ್ನ್‌ಗಳಿಗೆ ಕೊಡುವ ಹಣವನ್ನು ವೃತ್ತಿಪರ ಸೇವೆಯ ಶುಲ್ಕ ಎಂದು ಲೆಕ್ಕ ಬರೆದು ಶೇ. 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿಯುತ್ತವೆ. 12,500ರಲ್ಲಿ ತಿಂಗಳಿಗೆ 1,250 ಹೋದರೆ ವರ್ಷಕ್ಕೆ 15,000. ಪ್ಯಾನ್ ಕೊಡದಿದ್ದರೆ ಕಡಿತ ಶೇ. 20. ತೆರಿಗೆಯೇ ಬರದ ಹುಡುಗಿಯ ಹಣ ಹೀಗೆ ಹೋದರೆ ರಿಟರ್ನ್ ಸಲ್ಲಿಸಿ ಪೂರ್ತಿ ವಾಪಸ್ ಪಡೆಯಬಹುದು. ಆದರೆ ಎಷ್ಟೋ ಮಕ್ಕಳು ‘ನನಗೇನು ಟ್ಯಾಕ್ಸ್ ಬರುತ್ತದೆ’ ಎಂದು ರಿಟರ್ನ್ ಸಲ್ಲಿಸುವುದೇ ಇಲ್ಲ, ಆ ಹಣ ಅಲ್ಲೇ ಉಳಿಯುತ್ತದೆ. ಸೇರಿದ ಎರಡು–ಮೂರು ತಿಂಗಳಿಗೆ ಆದಾಯ ತೆರಿಗೆ ಪೋರ್ಟಲಿನಲ್ಲಿ ಅವಳ ಪ್ಯಾನ್ ಹೆಸರಿನಲ್ಲಿ ಏನಾದರೂ ಕಡಿತ ಕಾಣುತ್ತಿದೆಯೇ ಎಂದು ನೋಡಿಕೊಳ್ಳಲಿ.

ಗೆರೆ ಎಳೆಯುವುದು ಎಲ್ಲ ಸಲವೂ ಸುಲಭವಲ್ಲ. ಎಂ.ಡಿ., ಎಂ.ಎಸ್. ಮಾಡುತ್ತಿರುವ ರೆಸಿಡೆಂಟ್ ವೈದ್ಯರು ಓದುವವರೂ ಹೌದು, ರಾತ್ರಿ ಪಾಳಿಯಲ್ಲಿ ವಾರ್ಡ್ ನಡೆಸುವವರೂ ಹೌದು. ಅವರ ಸ್ಟೈಪೆಂಡ್ ವಿದ್ಯಾರ್ಥಿವೇತನವೋ ಸಂಬಳವೋ ಎಂಬ ವಾದ ತೆರಿಗೆ ನ್ಯಾಯಮಂಡಳಿಗಳವರೆಗೂ ಹೋಗಿದೆ. ಮನೆಯಲ್ಲಿ ಅಂಥವರಿದ್ದರೆ ತಾವೇ ತೀರ್ಮಾನಿಸದೆ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ವೈದ್ಯರ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಮಾಡುವವರಿಗೆ ಸ್ಟೈಪೆಂಡ್ ಕೊಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯಲ್ಲೇ ಇದೆ. ಆದರೂ ಕೊಡದ ಕಾಲೇಜುಗಳಿದ್ದವು. ದೆಹಲಿಯ ಆರ್ಮಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟ್‌ಗೆ ಹೋದಾಗ, ತಿಂಗಳಿಗೆ 25,000 ಕೊಡಬೇಕೆಂದು 2023ರ ಸೆಪ್ಟೆಂಬರಿನಲ್ಲಿ ಕೋರ್ಟು ಆದೇಶಿಸಿತು. ಹಗಲೂ ರಾತ್ರಿ ದುಡಿಸಿಕೊಂಡು ‘ನೀನು ಕಲಿಯುತ್ತಿದ್ದೀಯ, ಹಣ ಯಾಕೆ?’ ಎನ್ನುವುದು ಯಾವ ಸಂಸ್ಥೆಗೂ ಶೋಭೆಯಲ್ಲ. ಕಲಿಯುವವರಿಗೂ ಹೊಟ್ಟೆಯಿದೆ, ಬಾಡಿಗೆ ಕೊಡುವ ದಿನವಿದೆ. ಸ್ಟೈಪೆಂಡನ್ನು ಕೃಪೆ ಎಂದು ತಿಳಿದವರು ಆಸ್ಪತ್ರೆಯಲ್ಲಿರಲಿ, ವಕೀಲರ ಕಚೇರಿಯಲ್ಲಿರಲಿ, ತಿಳಿವಳಿಕೆ ಬದಲಿಸಿಕೊಳ್ಳಬೇಕು. ಕಿರಿಯ ವಕೀಲರಿಗೆ ನಗರಗಳಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅದಿನ್ನೂ ಶಿಫಾರಸಿನ ಹಂತದ್ದು, ಕಡ್ಡಾಯವಲ್ಲ. ಕಡ್ಡಾಯವಾಗಲಿ ಎಂಬುದು ನನ್ನ ಆಸೆ.

ನೀವು ಕೇಳಿಲ್ಲ, ಆದರೆ ಅಮೆರಿಕಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳು ಈಗ ಹಾವೇರಿ, ದಾವಣಗೆರೆಯಲ್ಲೂ ಕಡಿಮೆಯಿಲ್ಲ. ಅಲ್ಲಿನ ಪಿಎಚ್.ಡಿ. ಪತ್ರದಲ್ಲಿ ಸಾಮಾನ್ಯವಾಗಿ ಎರಡು ಬಾಬತ್ತು ಇರುತ್ತವೆ: ಬೋಧನಾ ಶುಲ್ಕ ಮನ್ನಾ, ಮತ್ತು ವಾರಕ್ಕೆ 20 ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸಕ್ಕೆ ಸ್ಟೈಪೆಂಡ್. ಬೋಧನಾ ಶುಲ್ಕ, ಪುಸ್ತಕಗಳಿಗೆ ಹೋಗುವ ಸ್ಕಾಲರ್‌ಶಿಪ್ಪಿಗೆ ಅಲ್ಲಿ ತೆರಿಗೆ ಇಲ್ಲ, ಊಟ–ಬಾಡಿಗೆಗೆ ಬರುವ ಸ್ಟೈಪೆಂಡಿಗೆ ಇದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನವರ ಹಾಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ರಿಟರ್ನ್ ತುಂಬುವಾಗ ಇದನ್ನು ಬಿಡಬಾರದು. ಶುಲ್ಕ ಮನ್ನಾ ಎಂದಿದ್ದರೂ ಆರೋಗ್ಯ ವಿಮೆ, ವಿದ್ಯಾರ್ಥಿ ಶುಲ್ಕ ಎಂದು ಬೇರೆ ಬಿಲ್ಲು ಬರುವುದುಂಟು. ಇಷ್ಟು ಸಾಕು, ನಿಮ್ಮ ಮನೆಗೆ ಹಿಂತಿರುಗೋಣ.

ನಿಮ್ಮ ಮಗಳಿಗೆ ನನ್ನ ಸಲಹೆ: 12,400 ಮತ್ತು 12,500ನ್ನು ಎದುರುಬದುರು ಇಟ್ಟು ತೂಗಬೇಡಿ. ಹಾಸ್ಟೆಲಿನಲ್ಲಿ ಇದ್ದು ಎಂ.ಟೆಕ್. ಓದುವವಳಿಗೆ 12,400 ಖರ್ಚು ಕಳೆದು ಉಳಿಯಬಹುದು, ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಬಾಡಿಗೆ, ಬಸ್ಸು, ಊಟ ಕಳೆದರೆ 12,500ರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ, ಮನೆಗೆ ಕಳುಹಿಸುವ ನಿರೀಕ್ಷೆಯಂತೂ ಬೇಡ. ಅವಳಿಗೆ ಬೋಧನೆ, ಸಂಶೋಧನೆ, ವಿನ್ಯಾಸದ ಕಡೆ ಒಲವಿದ್ದರೆ ಎಂ.ಟೆಕ್. ಸರಿ. ಶಾಪ್ ಫ್ಲೋರ್, ಉತ್ಪಾದನೆ, ಗುಣಮಟ್ಟ ಪರೀಕ್ಷೆಯ ಕೆಲಸ ಇಷ್ಟವಿದ್ದು, ಕಾರ್ಖಾನೆ ಒಳ್ಳೆಯದಿದ್ದರೆ ಆ ಒಂದು ವರ್ಷ ಮುಂದೆ ಕೆಲಸ ಹುಡುಕುವಾಗ ಕೈಹಿಡಿಯುತ್ತದೆ.

ಒಂದನ್ನು ಆರಿಸಿದರೆ ಇನ್ನೊಂದು ಶಾಶ್ವತವಾಗಿ ಕೈತಪ್ಪುತ್ತದೆ ಎಂದೂ ತಿಳಿಯಬೇಕಿಲ್ಲ. ಗೇಟ್ ಸ್ಕೋರ್ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಒಂದು ವರ್ಷ ಅಪ್ರೆಂಟಿಸ್ ಮುಗಿಸಿ, ಮನಸ್ಸಿದ್ದರೆ ಮುಂದಿನ ವರ್ಷ ಅದೇ ಸ್ಕೋರಿನ ಮೇಲೆ ಎಂ.ಟೆಕ್.ಗೆ ಪ್ರಯತ್ನಿಸಬಹುದು. ಈ ವರ್ಷದ ಸೀಟು ಮಾತ್ರ ಹೋಗುತ್ತದೆ, ಅದು ಎಂಥ ಕಾಲೇಜಿನ ಸೀಟು ಎಂಬುದರ ಮೇಲೆ ಯೋಚಿಸಿ. ಎಂ.ಟೆಕ್. ಸೇರಿ ಮಧ್ಯದಲ್ಲಿ ಬಿಡುವುದು ಮಾತ್ರ ಬೇಡ, ಪಡೆದ ಹಣವನ್ನು ಹಿಂತಿರುಗಿಸಬೇಕಾದ ಪರಿಸ್ಥಿತಿ ಬರಬಹುದು. ಇನ್ನು ಯುವನಿಧಿಯ ಆಲೋಚನೆ ಇದ್ದರೆ, ಪದವೀಧರರಿಗೆ ತಿಂಗಳಿಗೆ 3,000 ಕೊಡುವ ಆ ಭತ್ಯೆ ಮುಂದೆ ಓದುವವರಿಗೂ ಇಲ್ಲ, ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೂ ಇಲ್ಲ.

ಕೊನೆಯದಾಗಿ, ಇನ್ನೂ ಬಾರದ ಆ ನಾಲ್ಕನೇ ವರ್ಷದ ಸ್ಕಾಲರ್‌ಶಿಪ್. ಕೋರ್ಸ್ ಮುಗಿದರೂ ಅದು ಬರಬೇಕಾದ ಹಣವೇ, ಬಹಳ ಸಲ ತಡವಾಗಿ ಬರುತ್ತದೆ. ಕಾಲೇಜು ಬಿಟ್ಟೆವೆಂದು ಹಳೆಯ ಬ್ಯಾಂಕ್ ಖಾತೆಯನ್ನು ಮುಚ್ಚಿಸಬೇಡಿ. ಇನ್ನೊಂದು ಸೂಕ್ಷ್ಮವಿದೆ. ಕಾರ್ಖಾನೆಯವರು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಸಿ ಆಧಾರ್ ಜೋಡಿಸಿದರೆ, ಸರ್ಕಾರದ ನೇರ ನಗದು ವರ್ಗಾವಣೆಯ (ಡಿಬಿಟಿ) ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೇ ಹೋಗುತ್ತದೆ. ಹಳೆಯ ಪಾಸ್‌ಬುಕ್ ನೋಡಿ ಹಣ ಬಂದೇ ಇಲ್ಲ ಎಂದು ಇಲಾಖೆಗೆ ಅಲೆಯುವವರು ಅನೇಕರು, ಹಣ ಹೊಸ ಖಾತೆಯಲ್ಲಿ ಕೂತಿರುತ್ತದೆ. ಅವಳ ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡು ಯಾವ ಬ್ಯಾಂಕಿಗೆ, ಯಾವ ದಿನ ಜಮೆಯಾಗಿದೆ ಎಂದು ನೋಡಲಿ. ಎಂ.ಟೆಕ್. ಕಡೆಗೇ ಹೋಗುವುದಾದರೆ ಎಐಸಿಟಿಇ ಹಣಕ್ಕೆ ಕೊಡುವ ಖಾತೆ ಅವಳ ಒಬ್ಬಳ ಹೆಸರಿನ ಸಾಮಾನ್ಯ ಉಳಿತಾಯ ಖಾತೆಯಾಗಿರಲಿ. ನಿಮ್ಮ ಜೊತೆಗಿನ ಜಂಟಿ ಖಾತೆ, ವಹಿವಾಟಿಗೆ ಮಿತಿ ಇರುವ ಖಾತೆ ಕೊಟ್ಟರೆ ಅದನ್ನು ಒಪ್ಪುವುದಿಲ್ಲ, ಸರಿಪಡಿಸುವಷ್ಟರಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.